ಗಡಿಯಾರ ನೋಡಿ ಊರು ಆರಿಸು

ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಒಂದು ವರ್ಷ ಏಷ್ಯಾ ಸುತ್ತುತ್ತೇನೆ, ಕೆಲಸವನ್ನೂ ಬಿಡುವುದಿಲ್ಲ, ಸಂಬಳವೂ ನಿಲ್ಲುವುದಿಲ್ಲ ಅಂತ ನೀನು ಹೇಳಿದ ದಿನದಿಂದ ಮನೆಯಲ್ಲಿ ಪಕ್ಷಗಳಾಗಿವೆ. ನಿಮ್ಮಮ್ಮ ಬೇಡ ಅನ್ನುವ ಪಕ್ಷ. ನಿಮ್ಮಪ್ಪ, ಅಂದರೆ ನನ್ನ ಅಣ್ಣ, ಪೇಪರ್ ಮುಖಕ್ಕೆ ಅಡ್ಡ ಹಿಡಿದು ಯಾವ ಪಕ್ಷಕ್ಕೂ ಸೇರದವನು. ಹೋಗು ಅನ್ನುವವಳು ನಾನೊಬ್ಬಳೇ. ಬೆಂಗಳೂರಿನ ಐಟಿ ಕಂಪನಿಯೊಂದರ ಟ್ರಾವೆಲ್ ಡೆಸ್ಕಿನಲ್ಲಿ ನಿನ್ನ ವಯಸ್ಸಿನವರ ವೀಸಾ, ಟಿಕೆಟ್ಟು, ಇನ್ಶೂರೆನ್ಸು ನೋಡಿಕೊಳ್ಳುತ್ತಲೇ ನನ್ನ ಕೂದಲು ನೆರೆತದ್ದು. ಕೌಲಾಲಂಪುರದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು, ಟೋಕಿಯೊದಲ್ಲಿ ಜ್ವರ ಬಂದು ಮಲಗಿದವರು ಸರಿರಾತ್ರಿ ಫೋನ್ ಮಾಡುತ್ತಿದ್ದದ್ದು ನನಗೇ. ಹಾಗಾಗಿ ನಾನು ಹೋಗು ಅನ್ನುವುದರ ಹಿಂದೆ ಸ್ವಲ್ಪ ಲೆಕ್ಕಾಚಾರ ಇದೆ. ಅದನ್ನೇ ಇಲ್ಲಿ ಬರೆಯುತ್ತೇನೆ. ನಿನ್ನ ಸ್ನೇಹಿತೆಯರಿಗೂ ಓದಿಸು.

ನೀನು ರಾತ್ರಿಯೆಲ್ಲ ನೋಡುವ ವಿಡಿಯೊಗಳಿವೆಯಲ್ಲ, ಬಾಲಿಯ ಈಜುಕೊಳದ ದಂಡೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಟ್ಟು ಎಳನೀರು ಹೀರುವವರದ್ದು, ಅವು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅವನ್ನು ಮಾಡಿದವರು ಬಹುಪಾಲು ಅಮೆರಿಕದವರು, ಯೂರೋಪಿನವರು, ಆಸ್ಟ್ರೇಲಿಯಾದವರು. ಅವರ ಪಾಸ್‌ಪೋರ್ಟ್ ಬೇರೆ, ಬ್ಯಾಂಕ್ ಬೇರೆ, ಅವರ ಆಫೀಸು ಎದ್ದಿರುವ ಹೊತ್ತು ಬೇರೆ. ಅವರು ಕೊಡುವ ಊರುಗಳ ಪಟ್ಟಿಯನ್ನು ಹಾಗೇ ನಕಲು ಮಾಡಿಕೊಂಡರೆ ಕಷ್ಟಕ್ಕೆ ಸಿಕ್ಕಿಬೀಳುವವಳು ನೀನು. ತಮಾಷೆ ನೋಡು, ‘ಡಿಜಿಟಲ್ ನೋಮ್ಯಾಡ್’ ಅನ್ನುವ ಮಾತು ಹಬ್ಬಿದ್ದು ಏಷ್ಯಾದವನೊಬ್ಬನ ಪುಸ್ತಕದಿಂದಲೇ. ಹಿಟಾಚಿ ಕಂಪನಿಯಲ್ಲಿ ಚಿಪ್ ಎಂಜಿನಿಯರ್ ಆಗಿದ್ದ ತ್ಸುಗಿಯೊ ಮಾಕಿಮೊಟೊ 1997ರಲ್ಲಿ ಡೇವಿಡ್ ಮ್ಯಾನರ್ಸ್ ಜೊತೆ ಸೇರಿ ಆ ಹೆಸರಿನ ಪುಸ್ತಕ ಬರೆದ. ಅದೇ ಜಪಾನು 2024ರಲ್ಲಿ ಅಂಥವರಿಗೆಂದೇ ಆರು ತಿಂಗಳ ವೀಸಾ ತಂದಾಗ, ವರ್ಷಕ್ಕೆ ಒಂದು ಕೋಟಿ ಯೆನ್ ಆದಾಯ ಇರಬೇಕು ಅಂದಿದ್ದಲ್ಲದೆ, ವೀಸಾ ಇಲ್ಲದೆಯೇ ಜಪಾನಿಗೆ ಹೋಗಬಲ್ಲ ದೇಶಗಳವರಿಗೆ ಮಾತ್ರ ಅಂತ ಗೆರೆ ಎಳೆಯಿತು. ಆ ಗೆರೆಯ ಹೊರಗೆ ಉಳಿದವರಲ್ಲಿ ನಾವೂ ಇದ್ದೇವೆ.

ಊರು ಆರಿಸುವಾಗ ನಕ್ಷೆಗಿಂತ ಮೊದಲು ಗಡಿಯಾರ ನೋಡು ಕಣೇ. ನಿನ್ನ ಟೀಮು ನ್ಯೂಜೆರ್ಸಿಯಲ್ಲಿದೆ. ಅವರ ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್ ಮೀಟಿಂಗು. ಚಳಿಗಾಲದಲ್ಲಿ ಅದು ಬೆಂಗಳೂರಿನ ರಾತ್ರಿ ಎಂಟೂವರೆ. ನೀನು ಊಟದ ತಟ್ಟೆ ಪಕ್ಕಕ್ಕಿಟ್ಟು ಮಾತಾಡುವುದನ್ನು ನಾನೇ ನೋಡಿದ್ದೇನೆ. ಈಗ ಪೂರ್ವಕ್ಕೆ ಹೊರಡು. ಬ್ಯಾಂಕಾಕಿನಲ್ಲಿ, ವಿಯೆಟ್ನಾಮಿನ ದಾ ನಾಂಗಿನಲ್ಲಿ ಅದೇ ಮೀಟಿಂಗು ರಾತ್ರಿ ಹತ್ತಕ್ಕೆ. ಬಾಲಿಯಲ್ಲಿ, ಮಲೇಷ್ಯಾದ ಪೆನಾಂಗಿನಲ್ಲಿ ಹನ್ನೊಂದಕ್ಕೆ. ಟೋಕಿಯೊ, ಸೋಲ್‌ನಲ್ಲಿ ನಡುರಾತ್ರಿ ಹನ್ನೆರಡಕ್ಕೆ. ಕ್ಯಾಲಿಫೋರ್ನಿಯಾದ ಗಿರಾಕಿ ಸಿಕ್ಕಿದರೆ ದೇವರೇ ಗತಿ: ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ಬಾಲಿಯಲ್ಲಿ ರಾತ್ರಿ ಒಂದು. ಮೀಟಿಂಗ್ ಮುಗಿಸಿ, ನೋಟ್ಸ್ ಕಳಿಸಿ, ತಲೆ ತಣ್ಣಗಾಗಿ ನಿದ್ದೆ ಹತ್ತುವ ಹೊತ್ತಿಗೆ ಕೋಳಿ ಕೂಗುತ್ತದೆ. ಮಧ್ಯಾಹ್ನ ಎದ್ದು ಪರದೆ ಸರಿಸಿದರೆ ನೀನು ನೋಡಲು ಬಂದ ಊರಿನ ಅರ್ಧ ದಿನ ಕಳೆದುಹೋಗಿರುತ್ತದೆ. ಕೆಲವು ತಿಂಗಳು ಹೀಗೇ ಕಳೆದವರು ಡೆಸ್ಕಿಗೆ ಫೋನ್ ಮಾಡಿ ವಾಪಸ್ ಟಿಕೆಟ್ ಹಾಕಿ ಮೇಡಂ ಅನ್ನುತ್ತಿದ್ದರು. ಬಂದ ಮೇಲೆ ಮುಖ ನೋಡಿದರೆ ಪ್ರವಾಸ ಮುಗಿಸಿ ಬಂದವರ ಹಾಗೆ ಇರುತ್ತಿರಲಿಲ್ಲ, ಆಸ್ಪತ್ರೆಯಿಂದ ಬಂದ ಹಾಗಿರುತ್ತಿತ್ತು.

ಅಮೆರಿಕದ ಗಡಿಯಾರ ಮಾರ್ಚಿನ ಎರಡನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ಆ ಬೇಸಿಗೆಯ ತಿಂಗಳುಗಳಲ್ಲಿ ಮೇಲೆ ಹೇಳಿದ್ದರಲ್ಲೆಲ್ಲ ಒಂದು ಗಂಟೆ ಕಳೆದುಕೋ. ಪೂರ್ವಕ್ಕೆ ಹೋಗಲೇಬೇಕು ಅಂತಿದ್ದರೆ ಆಗ ಹೋಗು.

ಇದೇ ಲೆಕ್ಕವನ್ನು ಲಂಡನ್ನಿನ ಟೀಮು ಇರುವ ನಿನ್ನ ಗೆಳತಿ ಹಾಕಲಿ. ಅಲ್ಲಿಯ ಚಳಿಗಾಲದ ಬೆಳಿಗ್ಗೆ ಒಂಬತ್ತು ಅಂದರೆ ಥಾಯ್ಲೆಂಡಿನ ಸಂಜೆ ನಾಲ್ಕು. ಬೆಳಗು, ಮಧ್ಯಾಹ್ನ ಎಲ್ಲ ಅವಳದ್ದೇ. ಬೆಂಗಳೂರಿನ ಆಫೀಸಿನ ಜೊತೆ ಮಾತ್ರ ಕೆಲಸ ಇರುವವರಿಗಂತೂ ಸುಖ: ಇಲ್ಲಿಯ ಹತ್ತು ಗಂಟೆ ಅಲ್ಲಿಯ ಹನ್ನೊಂದೂವರೆ, ಸಮುದ್ರದಲ್ಲಿ ಮಿಂದು, ತಿಂಡಿ ತಿಂದು ಲಾಗಿನ್ ಆಗಬಹುದು. ಗಿರಾಕಿ ಸಿಂಗಪುರದವರೋ ಸಿಡ್ನಿಯವರೋ ಆಗಿದ್ದರೆ ಪೂರ್ವವೇ ಸರಿ. ಅಮೆರಿಕದ ಕೆಲಸದವರು ಮಾತ್ರ ಪಶ್ಚಿಮದ ಕಡೆ ನೋಡಬೇಕು. ದುಬೈನಲ್ಲಿ ನಿನ್ನ ಸ್ಟ್ಯಾಂಡಪ್ ಸಂಜೆ ಏಳಕ್ಕೆ. ಮನೆಯಿಂದ ಕೆಲಸ ಮಾಡುವವರಿಗೆ ಅಲ್ಲಿ ಒಂದು ವರ್ಷದ ಪರವಾನಗಿ ಇದೆ. ತಿಂಗಳಿಗೆ 3,500 ಡಾಲರ್ ಆದಾಯ ತೋರಿಸಬೇಕು, ಬಾಡಿಗೆ ಕೇಳಿದರೆ ಎದೆ ಒಡೆಯುತ್ತದೆ. ಕಜಕಸ್ತಾನದ ಅಲ್ಮಾಟಿಯಲ್ಲಿ ರಾತ್ರಿ ಎಂಟಕ್ಕೆ. ಹಿಮದ ಬೆಟ್ಟ ಊರಿನ ಬಾಗಿಲಲ್ಲೇ ಇದೆ, ಆದರೆ ವೀಸಾ ಇಲ್ಲದೆ ಭಾರತೀಯರಿಗೆ ಒಂದು ಸಲಕ್ಕೆ 14 ದಿನ ಅಷ್ಟೇ.

ಯಾವ ವಿಡಿಯೊದಲ್ಲೂ ಯಾರೂ ನಿನಗೆ ಹೇಳದ ಎರಡು ದೇಶ ನಾನು ಹೇಳುತ್ತೇನೆ. ಒಂದು ನೇಪಾಳ. ಅಮೆರಿಕದ ಪ್ರವಾಸಿ ಅಲ್ಲಿ ದುಡ್ಡು ಕೊಟ್ಟು ವೀಸಾ ತೆಗೆದುಕೊಳ್ಳಬೇಕು, ವರ್ಷಕ್ಕೆ 150 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ನಿನಗೆ ವೀಸಾವೇ ಬೇಡ. 1950ರ ಒಪ್ಪಂದದಲ್ಲಿ ಎರಡೂ ದೇಶದವರು ಪರಸ್ಪರರ ನೆಲದಲ್ಲಿ ವಾಸ ಮಾಡಬಹುದು, ವ್ಯಾಪಾರ ಮಾಡಬಹುದು ಅಂತ ಬರೆದುಕೊಂಡಿದ್ದಾರೆ. ನಿನ್ನ ಪಾಸ್‌ಪೋರ್ಟು ಅವರ ಪಾಸ್‌ಪೋರ್ಟಿಗಿಂತ ಮೇಲಾಗುವ ಅಪರೂಪದ ಜಾಗ ಅದು. ಗಡಿಯಾರ ಕಾಲು ಗಂಟೆ ಮುಂದೆ, ಅಷ್ಟೇ. ಪೊಖರಾದಲ್ಲಿ ಕೆರೆಯ ದಂಡೆಯ ಮೇಲೆ ತಿಂಗಳ ಬಾಡಿಗೆಗೆ ಕೋಣೆ ಸಿಗುತ್ತದೆ, ಅನ್ನ-ಬೇಳೆ ಎಲ್ಲಿ ಹೋದರೂ ಇದೆ, ಅಂಗಡಿಗಳ ಕ್ಯೂಆರ್‌ನಲ್ಲಿ ನಿನ್ನ ಯುಪಿಐ ನಡೆಯುತ್ತದೆ. ಇನ್ನೊಂದು ಶ್ರೀಲಂಕಾ. ಗಡಿಯಾರ ಮುಟ್ಟುವುದೇ ಬೇಡ. ವೆಲಿಗಾಮ, ಅಹಂಗಾಮದ ಕಡಲತೀರದಲ್ಲಿ ಅಲೆ ಸವಾರಿಗೆ ಬಂದ ಯೂರೋಪಿನವರು ತಿಂಗಳುಗಟ್ಟಲೆ ಕೂತು ಕೆಲಸ ಮಾಡುತ್ತಾರೆ. ನಮ್ಮವರು ಕೊಲಂಬೊ ನೋಡಿ, ಸೀತೆಯ ಅಶೋಕವನ ನೋಡಿ ವಾಪಸ್ ಬಂದುಬಿಡುತ್ತಾರೆ. ಅಲ್ಲಿಗೆ ಹೊರಡುವ ಮೊದಲು ಆನ್‌ಲೈನ್ ಅನುಮತಿ ಪಡೆಯುವುದು ಮರೆಯಬೇಡ.

ನೇಪಾಳದ ವಿಷಯದಲ್ಲಿ ಒಂದು ಎಚ್ಚರ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ವಾಟ್ಸಾಪ್ ಸೇರಿದಂತೆ 26 ತಾಣಗಳನ್ನು ನಿರ್ಬಂಧಿಸಿತು. ಯುವಕರು ಬೀದಿಗಿಳಿದರು, ಗುಂಡು ಹಾರಿತು, ಕರ್ಫ್ಯೂ ಬಂತು, ಕಾಠ್ಮಂಡು ವಿಮಾನ ನಿಲ್ದಾಣ ಮುಚ್ಚಿತು, ಪ್ರಧಾನಿಯೇ ರಾಜೀನಾಮೆ ಕೊಟ್ಟರು. ಎಲ್ಲ ಒಂದೇ ವಾರದೊಳಗೆ. ನಿನ್ನ ಅನ್ನ ಇಂಟರ್ನೆಟ್ಟಿನ ಮೇಲೆ ನಿಂತಿದ್ದರೆ ಇಂಥದ್ದು ಎಲ್ಲಿ ಬೇಕಾದರೂ ಆಗಬಹುದು ಅಂತ ಎಣಿಸಿಕೊಂಡೇ ಇರಬೇಕು. ವಿಯೆಟ್ನಾಮಿನಲ್ಲಿ ಗಲಾಟೆಯೇ ಬೇಡ, ಸಮುದ್ರದಡಿಯ ಕೇಬಲ್ ಕೆಟ್ಟರೆ ಸಾಕು. 2023ರ ಆರಂಭದಲ್ಲಿ ಅವರ ಐದೂ ಅಂತರರಾಷ್ಟ್ರೀಯ ಕೇಬಲ್ಲುಗಳಲ್ಲಿ ಒಟ್ಟೊಟ್ಟಿಗೆ ದೋಷ ಕಾಣಿಸಿಕೊಂಡಿತ್ತು. ರೂಮಿನ ವೈಫೈ ಒಂದೇ ನೆಚ್ಚಿಕೊಳ್ಳಬೇಡ. ಬೇರೆ ಕಂಪನಿಯ ಸಿಮ್ ಒಂದು ಇರಲಿ. ಇವತ್ತು ಕೆಲಸ ಆಗುವುದಿಲ್ಲ ಅಂತ ಮ್ಯಾನೇಜರಿಗೆ ಹೇಳಲು ಸರಳ ಎಸ್‌ಎಂಎಸ್ ಆದರೂ ಹೋಗುವ ದಾರಿ ಇಟ್ಟುಕೋ.

ವೀಸಾದ ಮಾತಿಗೆ ಬರೋಣ. ಇದು ನನ್ನ ಕಸುಬು, ಸ್ವಲ್ಪ ಉದ್ದ ಆದರೆ ಸಹಿಸಿಕೋ. ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ಅನ್ನುವ ವೀಸಾ ತಂದಿತು. ಐದು ವರ್ಷದ ಬಾಳಿಕೆ, ಒಂದು ಸಲ ಒಳಗೆ ಹೋದರೆ 180 ದಿನ ಇರಬಹುದು. ಬೇರೆ ದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಅಂತಲೇ ಇರುವುದು. ಖಾತೆಯಲ್ಲಿ ಐದು ಲಕ್ಷ ಬಾಹ್ಟ್ ತೋರಿಸಬೇಕು, ಅಂದರೆ ನಮ್ಮ ಹದಿಮೂರು-ಹದಿನಾಲ್ಕು ಲಕ್ಷ ರೂಪಾಯಿ. ಖರ್ಚು ಮಾಡಬೇಕಾಗಿಲ್ಲ, ತೋರಿಸಿದರೆ ಸಾಕು. ಥಾಯ್ಲೆಂಡಿನೊಳಗೆ ಕೂತು ಅರ್ಜಿ ಹಾಕುವಂತಿಲ್ಲ, ಹೊರಡುವ ಮೊದಲೇ ಆಗಬೇಕು. ಮಲೇಷ್ಯಾದ ‘ಡಿಇ ರಂತಾವ್’ ಪಾಸು 2022ರ ಅಕ್ಟೋಬರಿನಿಂದ ಇದೆ. ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು, ಬೇರೆಯವರಿಗೆ 60,000. ಮೂರು ತಿಂಗಳಿಂದ ಒಂದು ವರ್ಷದವರೆಗೆ ಕೊಡುತ್ತಾರೆ, ಇನ್ನೊಂದು ವರ್ಷ ಮುಂದುವರಿಸಬಹುದು. ನಿನ್ನ ಸಂಬಳಕ್ಕೆ ಹೊಂದುವುದು ಇದೇ. ಇಂಡೊನೇಷ್ಯಾದ ದೂರಕೆಲಸದ ವೀಸಾಕ್ಕೂ 60,000 ಡಾಲರ್ ಕೇಳುತ್ತಾರೆ. ಅಷ್ಟು ಸಂಬಳ ಬಂದಾಗ ನನ್ನನ್ನೂ ಕರೆದುಕೊಂಡು ಹೋಗು. ವಿಯೆಟ್ನಾಮಿನಲ್ಲಿ 90 ದಿನದ ಇ-ವೀಸಾ ಸುಲಭವಾಗಿ ಸಿಗುತ್ತದೆ, ಆದರೆ ಅದು ಕೆಲಸದವರಿಗೆ ಅಂತ ಮಾಡಿದ್ದಲ್ಲ. ಈ ಅಂಕಿಗಳೆಲ್ಲ ಮಳೆಗಾಲದ ಆಕಾಶ ಇದ್ದ ಹಾಗೆ. ಅರ್ಜಿ ಹಾಕುವ ವಾರವೇ ಆಯಾ ರಾಯಭಾರ ಕಚೇರಿಯ ಜಾಲತಾಣ ನೋಡಬೇಕು, ಟ್ರಾವೆಲ್ ಏಜೆಂಟನ ಬಾಯಿಮಾತನ್ನು ನಂಬಬಾರದು. ನಾನು ಹೇಳಿದ್ದನ್ನೂ.

‘ಅತ್ತೆ, ಎಲ್ಲರೂ ಟೂರಿಸ್ಟ್ ವೀಸಾದಲ್ಲೇ ಹೋಗಿ ಕೆಲಸ ಮಾಡ್ತಾರೆ’ ಅಂತ ನೀನು ಹೇಳುತ್ತೀಯ. ಮಾಡುತ್ತಾರೆ, ಗೊತ್ತು. ವಾರ, ಹತ್ತು ದಿನದ ರಜೆಯಲ್ಲಿ ಮೇಲ್ ನೋಡುವವರನ್ನು ಯಾವ ದೇಶವೂ ಹಿಡಿಯಲು ಹೋಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ಬದುಕು ಮಾಡಿಕೊಂಡು, ಅದನ್ನು ಜಗತ್ತಿಗೆಲ್ಲ ಸಾರಿದಾಗ ತೊಂದರೆ. 2021ರ ಜನವರಿಯಲ್ಲಿ ಬಾಲಿಯಲ್ಲಿದ್ದ ಅಮೆರಿಕದ ಯುವತಿಯೊಬ್ಬಳು ಇಲ್ಲಿ ಬದುಕು ಅಗ್ಗ, ನೀವೂ ಬನ್ನಿ ಅಂತ ಟ್ವಿಟರಿನಲ್ಲಿ ಬರೆದು, ಹೇಗೆ ಬರಬೇಕು ಅನ್ನುವ ಇ-ಪುಸ್ತಕವನ್ನೂ ಮಾರಿದಳು. ಅಲ್ಲಿನ ಅಧಿಕಾರಿಗಳು ಅವಳನ್ನು ದೇಶದಿಂದಲೇ ಕಳಿಸಿದರು. ಗಡಿ ದಾಟಿ ಒಂದು ಮುದ್ರೆ ಒತ್ತಿಸಿಕೊಂಡು ಮರುದಿನ ವಾಪಸ್ ಬರುವ ‘ವೀಸಾ ರನ್’ಗೂ ಥಾಯ್ಲೆಂಡ್ ಈಚೆಗೆ ಬಿಗಿ ಮಾಡಿದೆ. ಬಲವಾದ ಪಾಸ್‌ಪೋರ್ಟಿನವರನ್ನು ಗದರಿಸಿ ಬಿಡುವ ಅಧಿಕಾರಿ ನಿನ್ನನ್ನು ಪಕ್ಕದ ಕೋಣೆಗೆ ಕರೆಯಬಹುದು. ಅನ್ಯಾಯ ಹೌದು. ಆದರೆ ಅಲ್ಲಿ ಕೂತು ನ್ಯಾಯ ಕೇಳುವುದಕ್ಕಿಂತ, ಹಿಂತಿರುಗುವ ಟಿಕೆಟ್ಟು, ಉಳಿಯುವ ಜಾಗದ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟು ಕಾಗದದಲ್ಲಿ ಕೈಯಲ್ಲಿರುವುದು ಮೇಲು. ಫೋನಿನಲ್ಲಿದೆ ಸರ್ ಅನ್ನುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ.

ವೀಸಾಕ್ಕಿಂತ ಮೊದಲು ಕಂಪನಿಯ ಒಪ್ಪಿಗೆ. ಮ್ಯಾನೇಜರ್ ಕಾಫಿ ಕುಡಿಯುತ್ತಾ ‘ಹೋಗಿ ಬಾ, ಏನಾಗುತ್ತೆ’ ಅಂದದ್ದು ಒಪ್ಪಿಗೆ ಅಲ್ಲ. ಎಚ್‌ಆರ್‌ನಿಂದ ಮೇಲ್ ಬರಲಿ: ಯಾವ ದೇಶ, ಎಷ್ಟು ದಿನ, ಕಂಪನಿಯ ಲ್ಯಾಪ್‌ಟಾಪ್ ಒಯ್ಯಬಹುದೇ, ಎಲ್ಲವೂ ಅದರಲ್ಲಿ. ಗಿರಾಕಿಯ ಜೊತೆಗಿನ ಕರಾರಿನಲ್ಲಿ ದತ್ತಾಂಶ ಭಾರತದ ಹೊರಗೆ ತೆರೆಯಬಾರದು ಅಂತ ಇದ್ದರೆ ನೀನು ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿ ಲಾಗಿನ್ ಆದ ಕ್ಷಣವೇ ಕರಾರು ಮುರಿದ ಹಾಗೆ. ವಿಪಿಎನ್ ಹಾಕಿಕೊಂಡು ಬೆಂಗಳೂರಿನಲ್ಲೇ ಇದ್ದೇನೆ ಅಂತ ತೋರಿಸುವ ಉಪಾಯ ನಿನಗೆ ಯಾರಾದರೂ ಹೇಳಿಕೊಡುತ್ತಾರೆ. ಆ ಕೆಲಸ ಮಾಡಬೇಡ. ಸಿಕ್ಕಿಬಿದ್ದವರ ಕೊನೆಯ ಸೆಟಲ್‌ಮೆಂಟ್ ಕಾಗದಗಳು ನನ್ನ ಮೇಜಿನ ಮೇಲಿಂದಲೇ ಹಾದುಹೋಗಿವೆ.

ತೆರಿಗೆಯ ಬಗ್ಗೆ ಎರಡೇ ಮಾತು. ನಮ್ಮ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀನು ಇಲ್ಲಿಯ ನಿವಾಸಿ, ಜಗತ್ತಿನ ಎಲ್ಲಿಂದ ಬಂದ ಆದಾಯಕ್ಕೂ ಇಲ್ಲಿ ತೆರಿಗೆ. ಥಾಯ್ಲೆಂಡಿನಲ್ಲಿ ಜನವರಿಯಿಂದ ಡಿಸೆಂಬರಿನೊಳಗೆ 180 ದಿನ ಕಳೆದರೆ ಅಲ್ಲಿಯ ತೆರಿಗೆ ನಿವಾಸಿಯೂ ಆಗುತ್ತೀಯ. ಮಲೇಷ್ಯಾ, ಇಂಡೊನೇಷ್ಯಾದಲ್ಲೂ ಹೆಚ್ಚುಕಡಿಮೆ ಇದೇ ಆರು ತಿಂಗಳ ಗೆರೆ. ಹಾಗಾಗಿ ಒಂದೇ ದೇಶದಲ್ಲಿ ಐದು ತಿಂಗಳು ದಾಟುವ ಮೊದಲು ಸಿಎ ಹತ್ತಿರ ಕೂತು ಮಾತಾಡು.

ನಮ್ಮವರನ್ನು ಪರದೇಶದಲ್ಲಿ ನಿಜವಾಗಿ ಕಣ್ಣೀರು ಹಾಕಿಸುವುದು ಓಟಿಪಿ. ಬ್ಯಾಂಕು, ಆದಾಯ ತೆರಿಗೆ, ಪಿಎಫ್, ರೈಲ್ವೆ, ಎಲ್ಲದರ ಬೀಗದ ಕೈ ನಿನ್ನ ಹತ್ತಂಕಿಯ ನಂಬರು. ಅಲ್ಲಿಯ ಸಿಮ್ ಹಾಕಿಕೊಳ್ಳಲು ಇಲ್ಲಿಯ ಸಿಮ್ ತೆಗೆದು ಪರ್ಸಿನಲ್ಲಿಟ್ಟು, ಎರಡು ತಿಂಗಳಾದ ಮೇಲೆ ಹುಡುಕಿದರೆ ಪರ್ಸೂ ಇಲ್ಲ, ಸಿಮ್ಮೂ ಇಲ್ಲ. ಹಳೆಯ ಫೋನೊಂದರಲ್ಲಿ ಭಾರತದ ಸಿಮ್ ಹಾಕಿ, ರೋಮಿಂಗ್ ತೆರೆಸಿ, ಅದನ್ನು ಓಟಿಪಿ ಪಡೆಯುವುದಕ್ಕಷ್ಟೇ ಇಟ್ಟುಕೋ. ರೀಚಾರ್ಜ್ ತಪ್ಪಿಸಬೇಡ. ತಿಂಗಳುಗಟ್ಟಲೆ ಸುಮ್ಮನಿದ್ದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ, ಆಮೇಲೆ ನಿನ್ನ ಬ್ಯಾಂಕಿನ ಗುಟ್ಟು ಯಾರೋ ಅಪರಿಚಿತರ ಜೇಬಿಗೆ. ದಿನದ ಖರ್ಚಿಗೆ ಎರಡು ಬ್ಯಾಂಕಿನ ಎರಡು ಕಾರ್ಡು ಇರಲಿ, ಎರಡೂ ಒಂದೇ ಚೀಲದಲ್ಲಿ ಬೇಡ. ವಿದೇಶಿ ವಿನಿಮಯಕ್ಕೆ ನೂರಕ್ಕೆ ಮೂರೂವರೆ ರೂಪಾಯಿ ಕೀಳುವ ಕಾರ್ಡು ಬಿಟ್ಟು ಕಡಿಮೆ ಕೀಳುವುದನ್ನು ಆರಿಸು. ಥಾಯ್ ಎಟಿಎಂಗಳು ಹೊರಗಿನ ಕಾರ್ಡಿಗೆ ಒಂದೊಂದು ಸಲಕ್ಕೂ ಇನ್ನೂರಕ್ಕಿಂತ ಹೆಚ್ಚು ಬಾಹ್ಟ್ ಶುಲ್ಕ ಹಿಡಿಯುತ್ತವೆ, ಸಾವಿರ ಸಾವಿರ ತೆಗೆಯುತ್ತಾ ಕೂರಬೇಡ.

ಇನ್ನು ಎಲ್ಲಿ, ಯಾವಾಗ. ವಾರಕ್ಕೊಂದು ಊರು ಬದಲಿಸುವವರ ಅರ್ಧ ಆಯುಸ್ಸು ಬಸ್‌ಸ್ಟ್ಯಾಂಡಿನಲ್ಲಿ, ಇನ್ನರ್ಧ ವೈಫೈ ಪಾಸ್‌ವರ್ಡ್ ಕೇಳುವುದರಲ್ಲಿ ಹೋಗುತ್ತದೆ. ವರ್ಷಕ್ಕೆ ಮೂರು ಊರು ಸಾಕು. ಒಂದೊಂದು ಊರಿಗೂ ಅದರದೇ ಕೆಟ್ಟ ಕಾಲ ಇದೆ, ಅಗ್ಗದ ಬಾಡಿಗೆ ನೋಡಿ ಆ ಕಾಲದಲ್ಲೇ ಹೋಗಿ ಬೀಳುವವರು ಬಹಳ. ಚಿಯಾಂಗ್ ಮೈ ಎಲ್ಲರೂ ಹೊಗಳುವ ಊರು. ನಿಮ್ಮಾನ್ ಬೀದಿಯ ತುಂಬ ಕಾಫಿ ಅಂಗಡಿ, ಹಿಂದೆ ದೋಯಿ ಸುತೇಪ್ ಬೆಟ್ಟ, ಬಾಡಿಗೆ ಕೈಗೆಟಕುವಷ್ಟು. ಆದರೆ ಫೆಬ್ರವರಿಯಿಂದ ಏಪ್ರಿಲಿನವರೆಗೆ ಸುತ್ತಲಿನ ಹೊಲ, ಕಾಡಿಗೆ ಬೆಂಕಿ ಬಿದ್ದು ಆ ಕಣಿವೆಯಲ್ಲಿ ಹೊಗೆ ಕೂತುಬಿಡುತ್ತದೆ. ಬೆಟ್ಟವೇ ಕಾಣುವುದಿಲ್ಲ. ನಿನಗೆ ಚಿಕ್ಕಂದಿನಿಂದ ದಮ್ಮು. ಆ ತಿಂಗಳು ಅತ್ತ ತಲೆ ಹಾಕಬೇಡ. ದಾ ನಾಂಗಿನ ಮಿ ಖೆ ಕಡಲತೀರ ಮಾರ್ಚಿನಿಂದ ಆಗಸ್ಟಿನವರೆಗೆ ಸ್ವರ್ಗ, ಅಕ್ಟೋಬರು-ನವೆಂಬರಿನಲ್ಲಿ ಚಂಡಮಾರುತದ ಮಳೆ, ಪಕ್ಕದ ಹೋಯ್ ಆನ್‌ನಲ್ಲಿ ಬೀದಿಯಲ್ಲೇ ದೋಣಿ. ನಮ್ಮ ಸಾಗರದ ಮಳೆ ಕಂಡವಳು ನಾನು ಅಂತ ಜಂಬ ಪಡಬೇಡ, ಅಲ್ಲಿ ನದಿ ಮನೆಯೊಳಗೆ ಬರುತ್ತದೆ.

ಬಾಲಿಗೆ ಮಾರ್ಚ್ ಹೊತ್ತಿಗೆ ಹೋಗುವುದಾದರೆ ‘ನ್ಯೆಪಿ’ ಯಾವ ದಿನ ಅಂತ ಮೊದಲೇ ಕೇಳಿಕೊಂಡು ರಜೆ ಹಾಕು. ಅದು ಅವರ ಶಕ ವರ್ಷದ ಮೊದಲ ದಿನ. 2026ರಲ್ಲಿ ಅದೂ ನಮ್ಮ ಯುಗಾದಿಯೂ ಮಾರ್ಚ್ 19ಕ್ಕೇ ಬಂದವು. ನಾವು ಹೋಳಿಗೆ ಬೇಯಿಸುವ ದಿನ ಅವರು ಒಲೆಯನ್ನೇ ಹಚ್ಚುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಯಾರೂ ಬೀದಿಗೆ ಇಳಿಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ವಿಮಾನ ನಿಲ್ದಾಣಕ್ಕೇ ಬೀಗ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ. ಪ್ರವಾಸಿಗರಿಗೂ ವಿನಾಯಿತಿ ಇಲ್ಲ, ಪೆಚಲಾಂಗ್ ಅನ್ನುವ ಊರ ಕಾವಲುಗಾರರು ಬೀದಿ ಬೀದಿ ಸುತ್ತುತ್ತಿರುತ್ತಾರೆ. ಆ ದಿನ ಡೆಡ್‌ಲೈನ್ ಇಟ್ಟುಕೊಂಡು ಗೋಳಾಡುವ ವಿದೇಶಿಯರನ್ನು ಕಂಡರೆ ನನಗೆ ನಗು ಬರುತ್ತದೆ. ಇಡೀ ದ್ವೀಪ ಒಂದು ದಿನ ಸುಮ್ಮನಿರುತ್ತೇನೆ ಅಂದಾಗ ನಿನ್ನ ಸ್ಪ್ರಿಂಟ್ ಯಾವ ಲೆಕ್ಕ?

ಊಟ. ನೀನು ಮೀನು, ಮಾಂಸ ಮುಟ್ಟದವಳು. ಥಾಯ್ಲೆಂಡಿನಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸು ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಅಂತ ಬರೆದ ಅಂಗಡಿ ಹುಡುಕು, ಅಲ್ಲಿ ಬೆಳ್ಳುಳ್ಳಿಯೂ ಇರುವುದಿಲ್ಲ. ವಿಯೆಟ್ನಾಮಿನಲ್ಲಿ ‘ಚಾಯ್’ ಫಲಕ ನೋಡು. ಚಾಂದ್ರಮಾನದ ಮೊದಲ ದಿನ, ಹದಿನೈದನೆಯ ದಿನ ಅಲ್ಲಿನ ಬೌದ್ಧರಲ್ಲಿ ಬಹಳ ಜನ ಸಸ್ಯಾಹಾರ ಮಾಡುವುದರಿಂದ ಆ ಅಂಗಡಿಗಳಲ್ಲಿ ಅವತ್ತು ನೂಕುನುಗ್ಗಲು. ಬಾಲಿಯ ಸಂಬಾಲ್ ಚಟ್ನಿಯಲ್ಲಿ ಸಿಗಡಿ ಅರೆದು ಹಾಕಿರುತ್ತಾರೆ, ಟೆಂಪೆ ತಿನ್ನು. ಮಲೇಷ್ಯಾದಲ್ಲಿ ಚಿಂತೆಯಿಲ್ಲ, ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಬಾಳೆಯೆಲೆ ಊಟ ಸಿಗುತ್ತದೆ. ನಿಮ್ಮಮ್ಮ ಸಾರಿನಪುಡಿ, ಚಟ್ನಿಪುಡಿ ಕಟ್ಟಿಕೊಡುತ್ತಾಳೆ, ಬೇಡ ಅನ್ನಬೇಡ. ಪಾಯಸ ಮಾಡಿಕೋ ಅಂತ ಗಸಗಸೆಯ ಪೊಟ್ಟಣ ಇಟ್ಟರೆ ಮಾತ್ರ ಅವಳು ಅತ್ತ ತಿರುಗಿದಾಗ ತೆಗೆದಿಡು. ದುಬೈಯಲ್ಲಿ, ಸಿಂಗಪುರದಲ್ಲಿ ಗಸಗಸೆ ಮಾದಕವಸ್ತುವಿನ ಕಾಯ್ದೆಯೊಳಗೆ ಬರುತ್ತದೆ. ನಿನ್ನ ಸ್ನೇಹಿತರಲ್ಲಿ ಯಾರಾದರೂ ವೇಪ್ ಸೇದುವವರಿದ್ದರೆ ಅವರಿಗೂ ಹೇಳು: ಥಾಯ್ಲೆಂಡ್, ಸಿಂಗಪುರ, ವಿಯೆಟ್ನಾಂ ಮೂರರಲ್ಲೂ ಅದು ನಿಷೇಧ.

ಸ್ಕೂಟರ್ ಬಾಡಿಗೆಗೆ ಕೊಡುವವರು ಲೈಸೆನ್ಸ್ ಕೇಳುವುದಿಲ್ಲ. ಕೇಳುವುದು ಆಸ್ಪತ್ರೆಯ ಬಿಲ್ ನೋಡಿದ ಮೇಲೆ ಇನ್ಶೂರೆನ್ಸಿನವರು. ನಮ್ಮ ಆರ್‌ಟಿಒದಲ್ಲಿ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿ ಕೊಡುತ್ತಾರೆ. ದ್ವಿಚಕ್ರದ ಮುದ್ರೆ ಅದರಲ್ಲಿದೆಯೇ ನೋಡಿಕೊಂಡೇ ಹೊರಡು. ಪಾಲಿಸಿಯಲ್ಲಿ ಬೈಕಿನ ಅಪಘಾತ ಸೇರಿದೆಯೇ ಅಂತ ಓದು, ಬಹಳ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ಬಾಲಿಯಲ್ಲಿ 2008ರಿಂದ ಹುಚ್ಚುನಾಯಿ ರೋಗ ಇದೆ. ಮುಂಗಡ ಲಸಿಕೆಯನ್ನು ಇಲ್ಲೇ ಹಾಕಿಸಿಕೋ. ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ, ಫೋನು ಕಿತ್ತುಕೊಂಡು ತಿಂಡಿ ಕೊಟ್ಟರೆ ವಾಪಸ್ ಕೊಡುತ್ತವೆ. ಆಫೀಸಿನ ಫೋನಿಗೆ ಎಷ್ಟು ಬಾಳೆಹಣ್ಣು ಅಂತ ನಾನು ಹೇಳಲಾರೆ.

ಈಗ ನಗೆಯಾಡದೆ ಹೇಳುವ ಒಂದು ಮಾತು. ಸುತ್ತುತ್ತಿರುವಾಗ ಕೆಲಸ ಹೋಯಿತು ಅಂತಿಟ್ಟುಕೋ. ಆಗ ಟೆಲಿಗ್ರಾಮಿನಲ್ಲೋ, ಪರಿಚಯದವರ ಪರಿಚಯದವರಿಂದಲೋ ಒಂದು ಕರೆ ಬರುತ್ತದೆ: ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್, ಒಳ್ಳೆಯ ಸಂಬಳ, ಉಳಿಯಲು ಜಾಗ. ಬ್ಯಾಂಕಾಕಿನಿಂದ ಕಾರಿನಲ್ಲಿ ಹತ್ತಿಸಿಕೊಂಡು ಮೇ ಸೋಟ್ ಕಡೆಗೆ, ಅಲ್ಲಿಂದ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಗೆ. ಬೇಲಿಯೊಳಗೆ ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನಿನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚುತ್ತಾರೆ. ಒಪ್ಪದಿದ್ದರೆ ಹೊಡೆತ. ನಮ್ಮ ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿತ್ತು, ಇವರ ಗುರಿ ಐಟಿ ಬಲ್ಲ ಯುವಕರು ಅಂತ ಸ್ಪಷ್ಟವಾಗಿ ಹೇಳಿತ್ತು. ಆದರೂ 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು 549 ಭಾರತೀಯರನ್ನು ಮೇ ಸೋಟ್‌ನಿಂದ ವಾಪಸ್ ಕರೆತರಬೇಕಾಯಿತು. ಅವರೆಲ್ಲ ದಡ್ಡರು ಅಂದುಕೊಳ್ಳಬೇಡ. ಕಂತು ಕಟ್ಟುವ ದಿನ ಹತ್ತಿರ ಬಂದಾಗ ಬುದ್ಧಿವಂತರಿಗೂ ಇಂಥ ಮಾತು ಹಿತವಾಗಿ ಕೇಳುತ್ತದೆ. ಮೂರು ತಿಂಗಳ ಖರ್ಚು, ಬೆಂಗಳೂರಿನ ಟಿಕೆಟ್ಟಿನ ದುಡ್ಡು, ಇವನ್ನು ಮುಟ್ಟದ ಹಾಗೆ ಬೇರೆ ಖಾತೆಯಲ್ಲಿಡು. ಕೆಲಸ ಹೋದರೆ ಮನೆಗೆ ಬಾ. ಯಾರೂ ಆಡಿಕೊಳ್ಳುವುದಿಲ್ಲ. ಆಡಿಕೊಂಡರೂ ಏನೀಗ?

ಅಲ್ಲಿಯ ಜನರ ಜೊತೆ ಹೇಗಿರಬೇಕು ಅಂತ ನಿನಗೆ ಹೇಳಿಕೊಡಬೇಕಿಲ್ಲ. ಆದರೂ ಒಂದೆರಡು. ಇಲ್ಲಿಯ ಕೆಫೆಗಳಲ್ಲಿ ಒಂದು ಕಾಫಿ ಇಟ್ಟುಕೊಂಡು ಸಂಜೆಯವರೆಗೂ ಪ್ಲಗ್ ಬಿಡದವರನ್ನು ಕಂಡು ನೀನೇ ಬೈಯುತ್ತೀಯ, ಅಲ್ಲಿ ಹಾಗೆ ಮಾಡಬೇಡ. ಎಲ್ಲ ಎಷ್ಟು ಅಗ್ಗ ಅಂತ ಅವರ ಮುಂದೆ ಅನ್ನಬೇಡ. ಬಾಲಿಯ ಚಾಂಗುವಿನ ಗದ್ದೆಗಳನ್ನು ಅಳಿಸಿ ಎದ್ದ ವಿಲ್ಲಾಗಳಲ್ಲಿ ನಿನ್ನಂಥವರೇ ಇರುವುದು, ಆ ಗದ್ದೆಯ ಮಕ್ಕಳು ಬಾಡಿಗೆ ಕಟ್ಟಲಾರದೆ ದೂರ ಹೋಗಿರುತ್ತಾರೆ. ಹೆಂಚಿನ ಮನೆ ಹೋಮ್‌ಸ್ಟೇ ಆಗುವುದನ್ನು ಮಲೆನಾಡಿನಲ್ಲಿ ಕಂಡ ನಮಗೆ ಅದು ತಿಳಿಯದ ವಿಷಯವೇನಲ್ಲ. ಆದಷ್ಟು ಊರಿನವರದೇ ಮನೆಯಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿ. ಒಂಟಿ ಹುಡುಗಿಗೆ ಅದು ಕ್ಷೇಮವೂ ಹೌದು, ರಾತ್ರಿ ನೀನು ಬಂದಿಲ್ಲ ಅಂತ ಗಮನಿಸುವವರು ಒಬ್ಬರಾದರೂ ಇರುತ್ತಾರೆ. ಎರಡನೆಯ ತಿಂಗಳಲ್ಲಿ ಒಂಟಿತನ ಬರುತ್ತದೆ, ಹೆದರಬೇಡ. ಸಿಂಗಪುರದ ಹತ್ತಿರ ಇದ್ದರೆ ಅಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋಗಿ ಬಾ. ಭಾಷಣ ಉದ್ದ ಇರುತ್ತದೆ, ಊಟ ಚೆನ್ನಾಗಿರುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಗೋಕರ್ಣದಲ್ಲಿ ಒಂದು ತಿಂಗಳು ಕೂತು ಕೆಲಸ ಮಾಡಿ ನೋಡು. ಕಡಲು ಇದೆ, ಕರೆಂಟು ಹೋಗುತ್ತದೆ, ರಾತ್ರಿಯ ಮೀಟಿಂಗೂ ಇರುತ್ತದೆ. ಅಲೆಯ ಸದ್ದು ಕೇಳುತ್ತಾ ಬಗ್ ಸರಿಮಾಡಲು ನಿನ್ನಿಂದ ಆಗುತ್ತದೆಯೋ ಇಲ್ಲವೋ ಎರಡು ವಾರದಲ್ಲಿ ಗೊತ್ತಾಗುತ್ತದೆ, ಅದೂ ರಾತ್ರಿಯ ಬಸ್ಸಿನ ಖರ್ಚಿನಲ್ಲಿ.

ಹೊರಡುವ ಹಿಂದಿನ ವಾರ ಪಾಸ್‌ಪೋರ್ಟು, ವೀಸಾ, ಪಾಲಿಸಿ, ಕಂಪನಿಯ ಮೇಲು, ಎಲ್ಲದರ ಝೆರಾಕ್ಸ್ ಒಂದು ಫೈಲಿಗೆ ಹಾಕಿ ಅಣ್ಣನ ಕೈಗೆ ಕೊಡು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಆಯುಸ್ಸು ಇರಬೇಕು, ಅದನ್ನೂ ಆಗಲೇ ನೋಡು. ಫೈಲಿನ ಮೇಲೆ ಪ್ರತಿ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರು ದಪ್ಪಕ್ಷರದಲ್ಲಿ ಬರಿ. ಅವನು ಅರ್ಧರಾತ್ರಿಯಲ್ಲಿ ಕನ್ನಡಕ ಹುಡುಕುವವನಲ್ಲ. ಇನ್ನೊಂದು ಪ್ರತಿ ನನಗೆ ವಾಟ್ಸಾಪ್ ಮಾಡು, ಪಿಡಿಎಫ್‌ನಲ್ಲಿ. ಫೋಟೊ ಹೊಡೆದು ಓರೆಯಾಗಿ ಕಳಿಸಿದರೆ ವಾಪಸ್ ಕಳಿಸುತ್ತೇನೆ.